ಮಾರ್ನಿಯ ತೂಕಕ್ಕೆ ತಕ್ಕ ಹಾಗೆ

ನವೆಂಬರ್ 21

ಹಿಂದಿನ ಸ್ಪ್ರಿಂಗ್ ಇನ್ನಷ್ಟು ಸಡಿಲ ಮಾಡಿದೆ. ಸಾಲದು. ಈ ಹೊಸ ಸ್ನೋಮೊಬೈಲನ್ನ, ಹಿಮದ ಮೇಲೆ ಓಡೋ ಗಾಡೀನ, ಕಂಪನಿಯೋರು ಯಾವನೋ ದಢೂತಿ ಆಸಾಮಿ ಲೆಕ್ಕಕ್ಕೆ ಹೊಂದಿಸಿ ಕಳಿಸಿರ್ತಾರೆ. ಮಾರ್ನಿ ಹತ್ತಿ ನಿಂತರೆ ಹಿಂಭಾಗ ಜಗ್ಗೋದೇ ಇಲ್ಲ. ಜಗ್ಗದಿದ್ದರೆ ಬೆಟ್ಟದಲ್ಲಿ ಹಿಡಿತ ಎಲ್ಲಿಂದ ಬರಬೇಕು... ಅಳತೆ ಟೇಪ್ ಹಿಡಿದು ಗ್ಯಾರೇಜ್ ನೆಲದ ಮೇಲೆ ಕೂತಿದ್ದೆ.

"ಹ್ಯೂ, ನನ್ನ ತೂಕ ಊರಿಗೆಲ್ಲಾ ಡಂಗುರ ಹೊಡೀಬೇಡ."

"ಹೊಡೆಯೋಕೆ ಏನಿದೆ? ಗುಬ್ಬಚ್ಚಿ ಕೂತ ಹಾಗಿದೆ."

ಬೂಟಿಂದ ಭುಜಕ್ಕೆ ತಿವಿದಳು. ಕ್ರಿಸ್‌ಮಸ್ ಆದ ಮೇಲೆ ಅವಳ ಕ್ಲಾಸು ಶುರು. ಹೆಂಗಸರಿಗೆ ಬೆಟ್ಟದಲ್ಲಿ ಗಾಡಿ ಓಡಿಸೋದು ಕಲಿಸ್ತಾಳೆ, ಪ್ರತಿ ಚಳಿಗಾಲ. ನಮ್ಮೂರು ವೇಲ್‌ಮೌಂಟ್‌ನಲ್ಲಿ ಅವಳನ್ನು ಮೀರಿಸೋರು ಇಲ್ಲ — ಗಂಡ ಅಂತ ನಾನು ಹೇಳೋದಲ್ಲ, ಊರಿನ ಗಂಡಸರೇ ಒಪ್ಪಿದ್ದು. ಅಷ್ಟರೊಳಗೆ ಗಾಡಿ ಅವಳ ಮಾತು ಕೇಳಬೇಕು.

ನವೆಂಬರ್ 29

ಮೊದಲ ಸವಾರಿ. ಮಂಡಿವರೆಗೆ ಪುಡಿ ಹಿಮ. ಲೋರ್ನ್ ಬಂದಿದ್ದ. ಶಾಲೆಯಲ್ಲಿದ್ದಾಗಿಂದ ಅವನದೂ ಮಾರ್ನಿಯದೂ ಒಂದೇ ಬೆಟ್ಟ, ಒಂದೇ ಹುಚ್ಚು. ನಾನು ಹಳೇ ಗಾಡೀಲಿ ಹಿಂದೆ. ಕಡಿದಾದ ಜಾಗ ಬಂದರೆ ಕೆಳಗೆ ನಿಂತು ಕತ್ತೆತ್ತಿ ನೋಡೋನು ನಾನು. ಮೊದಲಿಂದಲೂ ಅಷ್ಟೇ.

ಇಳಿಜಾರಿಗೆ ಅಡ್ಡಲಾಗಿ ಹೋಗುವಾಗ ಗಾಡೀನ ಬೆಟ್ಟದ ಕಡೆಗೆ ವಾಲಿಸಿ ಮುಂದೆ ಚಕ್ರದ ಬದಲಿರೋ ಎರಡು ಸ್ಕೀಗಳಲ್ಲಿ ಒಂದರ ಮೇಲೇ ಹಿಡೀಬೇಕು. ಮಾರ್ನಿಗೆ ಅದು ನೀರು ಕುಡಿದಷ್ಟು ಸುಲಭ. ಇವತ್ತು ಆಗಲಿಲ್ಲ. ವಾಲಿಸ್ತಾಳೆ, ಗಾಡಿ ಧೊಪ್ಪಂತ ಮಟ್ಟಸ ಬೀಳುತ್ತೆ, ಕೆಳಗೆ ಮರಗಳ ಕಡೆ ಓಡುತ್ತೆ. ಮತ್ತೆ ಮತ್ತೆ.

"ಎಮ್ಮೆ ಕಣೋ ಇದು!" ಮೇಲಿಂದ ಕೂಗಿದಳು.

"ಮೇಡಮ್ಮೋರೇ," ಅಂದ ಲೋರ್ನ್, "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ."

"ಬಾಯ್ಮುಚ್ಚೋ. ನಿನಗೆ ಕುಣಿಯೋದು ಕಲಿಸಿದ್ದೇ ನಾನು."

ಎಲ್ಲರೂ ನಕ್ಕೆವು. ಸ್ಕೀಗಳು ಅಗಲವಾದುವೇನೋ. ಹತ್ತಿರ ತರಬೇಕು, ವಾಲಿಸೋಕೆ ಸಲೀಸಾಗುತ್ತೆ.

ಡಿಸೆಂಬರ್ 8

ಸ್ಕೀ ಹತ್ತಿರ ತಂದೆ. ಮುಂಭಾಗ ಮೇಲೇಳದ ಹಾಗೆ ಹಿಡಿಯೋ ಪಟ್ಟಿ ಎಳೆದು ಬಿಗಿ ಮಾಡಿದೆ — ಮೂತಿ ಕೆಳಗೆ ಒತ್ತಿಕೊಳ್ತು, ತಿರುಗಿಸಿದ ಕಡೆ ತಿರುಗುತ್ತೆ. ಆದರೆ ಹ್ಯಾಂಡಲ್ ಭಾರ ಅಂತಾಳೆ. ಪಟ್ಟಿ ಸಡಿಲ ಬಿಟ್ಟೆ. ಈಗ ಮೂತಿ ಎತ್ತುತ್ತೆ ಅಂತಾಳೆ. ಒಂದು ಸರಿ ಮಾಡಿದರೆ ಇನ್ನೊಂದು ಕೆಡುತ್ತೆ.

ಆಕ್ಸಿಲರೇಟರ್ ಸ್ಪ್ರಿಂಗೂ ಗಟ್ಟಿಯಂತೆ. ಬಲಗೈ ಹೆಬ್ಬೆರಳಲ್ಲಿ ಒತ್ತೋ ಪುಟ್ಟ ಕಡ್ಡಿ ಅದು. ನಾನು ಒತ್ತಿ ನೋಡಿದೆ. ಬೆಣ್ಣೆ ಹಾಗಿದೆ.

"ನಿನ್ನ ಕೈ ರಸ್ತೆ ಹಿಮ ತಳ್ಳೋ ಪ್ಲೌ ಓಡಿಸೋ ಕೈ," ಅಂದಳು. "ನನಗೆ ಸಂಜೆ ಹೊತ್ತಿಗೆ ಬೆರಳು ಜೋಮು ಹಿಡಿಯುತ್ತೆ."

ಸರಿ. ಇನ್ನೂ ಮೆತ್ತನೆ ಸ್ಪ್ರಿಂಗ್ ತರಿಸಬೇಕು.

ಡಿಸೆಂಬರ್ 20

ಮೆತ್ತನೆ ಸ್ಪ್ರಿಂಗ್ ಹಾಕಿಯೂ ಆಯ್ತು. ಇವತ್ತು ಬೆಟ್ಟದಲ್ಲಿ ಮಾರ್ನಿ ಸಿಟ್ಟಿಂದ ಗಾಡೀನ ಲೋರ್ನ್ ಕೈಗೆ ಕೊಟ್ಟಳು. "ನೀನೇ ನೋಡು, ಆಮೇಲೆ ಮಾತಾಡು."

ಲೋರ್ನ್ ಹೋದ. ದೊಡ್ಡ ಬಟ್ಟಲಿನ ಹಾಗಿರೋ ಕಣಿವೆಯ ಅಂಚಲ್ಲಿ ಗಾಡಿ ವಾಲಿಸಿಕೊಂಡು, ಗೆರೆ ಎಳೆದ ಹಾಗೆ ಆ ತುದಿಗೆ ಹೋದ, ಈ ತುದಿಗೆ ಬಂದ. ಇಳಿದ. ತಮಾಷೆ ಮಾಡ್ತಾನೆ ಅಂತ ಕಾದೆ. ಮಾಡಲಿಲ್ಲ. ಹೆಲ್ಮೆಟ್ ತೆಗೆದು ಹಿಮ ಕೊಡವುತ್ತಾ ನಿಂತ. ಆಮೇಲೆ ನನ್ನನ್ನು ಮರದ ಪಕ್ಕ ಕರೆದ.

"ಗಾಡಿಗೆ ಏನೂ ಆಗಿಲ್ಲ, ಹ್ಯೂ."

"ಅಂದ್ರೆ?"

"ಅವಳ ಕೈ ನೋಡಿದೀಯಾ?"

ಮನೆಗೆ ಬಂದ ಮೇಲೆ ನೋಡಿದೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇರೋ ಮಾಂಸ... ಇಲ್ಲ. ಗುಳಿ ಬಿದ್ದಿದೆ. ಎಡಗೈಯಲ್ಲಿ ಮಾಂಸ ಇದೆ, ಬಲಗೈಯಲ್ಲಿಲ್ಲ. ಇದೇ ಕೈಯಿಂದ ದಿನಾ ಚಾ ಕೊಡ್ತಾಳೆ ನನಗೆ.

ಫೆಬ್ರವರಿ 4

ಕ್ಯಾಮ್‌ಲೂಪ್ಸ್ ಆಸ್ಪತ್ರೆಯಿಂದ ವಾಪಸ್. ಸೂಜಿ ಚುಚ್ಚಿದರು, ಕರೆಂಟ್ ಕೊಟ್ಟರು, ನಾಲಿಗೆ ಹೊರಗೆ ಹಾಕಿಸಿ ನೋಡಿದರು. ನರಗಳ ಕಾಯಿಲೆ. ಸ್ನಾಯುಗಳು ಒಂದೊಂದಾಗಿ ಸಾಯ್ತಾವೆ. ಕೈ, ಕಾಲು, ಮಾತು, ಕೊನೆಗೆ ಉಸಿರು. ವಾಸಿ ಮಾಡೋದು ಇಲ್ಲ, ನಿಧಾನ ಮಾಡೋ ಮಾತ್ರೆ ಇದೆ. ಇವಳಿಗೆ ಬೇಗ ಹರಡ್ತಾ ಇದೆ ಅಂದರು ಡಾಕ್ಟರಮ್ಮ. ಒಳ್ಳೆ ಹೆಂಗಸು. ಕಣ್ಣು ತಪ್ಪಿಸಲಿಲ್ಲ.

ಊರಿನ ಬೋರ್ಡ್ ದಾಟುವಾಗ ಅಂದಳು — "ಪಾಪ ಕಣೋ ಆ ಗಾಡಿ. ಎಷ್ಟು ಬೈದೆ ಅದಕ್ಕೆ."

ಲೋರ್ನ್‌ಗೆ ಫೋನ್ ಮಾಡಿದೆ. "ಅವತ್ತು ಆ ಗಾದೆ ಯಾಕಾದ್ರೂ ಅಂದೆನೋ," ಅಂದ.

ಫೆಬ್ರವರಿ 16

ಕ್ಲಾಸುಗಳು ರದ್ದು. ಆದರೆ ಒಂದು ಸಲ ಬೆಟ್ಟದ ಮೇಲೆ ಹೋಗ್ಲೇಬೇಕಂತೆ ಅವಳಿಗೆ.

ಹ್ಯಾಂಡಲ್ ಎತ್ತರಿಸಿದೆ, ಬಗ್ಗೋದು ಬೇಡ. ಆಕ್ಸಿಲರೇಟರ್ ತಿರುಗಿಸಿ ಕೂರಿಸಿದೆ, ಹೆಬ್ಬೆರಳ ಬದಲು ಉಳಿದ ಬೆರಳಲ್ಲಿ ಎಳೆಯೋ ಹಾಗೆ. ಮುಂದಿನ ಶಾಕ್ ಅಬ್ಸಾರ್ಬರ್ ಗಾಳಿ ಇಳಿಸಿದೆ. ಹಿಂದಿನ ಸ್ಪ್ರಿಂಗ್ ಇನ್ನೂ ಸಡಿಲ — ತೂಕ ಮತ್ತೆ ಇಳಿದಿದೆ. ಅಂಗಳದಲ್ಲಿ ಸುತ್ತು ಹಾಕಿದಳು. "ಹ್ಞಾ! ಇದು ಈಗ ನನ್ನ ಗಾಡಿ!" ಮುಖ ಅರಳಿತ್ತು. ನಾನೂ ಒಂದು ಸಂಜೆ ಎಲ್ಲಾ ಮರೆತೆ.

ಫೆಬ್ರವರಿ 25

ಬೆರಳುಗಳೂ ಈಗ ಸರಿಯಾಗಿ ಎಳೀತಿಲ್ಲ. ನಾನು ಗಾಡಿ ಸಡಿಲ ಮಾಡೋದಕ್ಕಿಂತ ಬೇಗ ಅವಳು ಸಡಿಲ ಆಗ್ತಿದಾಳೆ. ಇನ್ನು ತಿರುಗಿಸೋಕೆ ಸ್ಕ್ರೂ ಉಳಿದಿಲ್ಲ.

ಮಾರ್ಚ್ 7

ಹೋದೆವು. ಬೇಡ ಅಂದೆ, ಕೇಳಲಿಲ್ಲ. ಲೋರ್ನ್ ಮುಂದೆ ಹೋಗಿ ದಾರಿ ತುಳಿದು ಗಟ್ಟಿ ಮಾಡಿದ. ಕಾಡು ಮುಗಿಯೋವರೆಗೆ ಚೆನ್ನಾಗೇ ಬಂದಳು. ಬೋಳು ಇಳಿಜಾರು ಸಿಕ್ಕ ತಕ್ಷಣ, ಹೇಳದೆ ಕೇಳದೆ, ಮೇಲಕ್ಕೆ ತಿರುಗಿಸಿದಳು. ಗಾಡಿ ವಾಲಿತು. ಒಂದು ಸ್ಕೀ ಗಾಳೀಲಿ. ಮೊದಲಿನ ಮಾರ್ನಿ! ಲೋರ್ನ್ ಕೂಗಿದ, ನಾನೂ ಕೂಗಿದೆ.

ಕೈ ಜಾರಿತು. ಗಾಡಿ ಅವಳನ್ನು ಬಿಟ್ಟು ಉರುಳಿತು. ಯಾವತ್ತೂ ಹತ್ತದ ಇಳಿಜಾರು, ನಾನು ಹೇಗೆ ಹತ್ತಿದೆನೋ. ಹಿಮದಲ್ಲಿ ಅಂಗಾತ ಬಿದ್ದಿದ್ದಳು. ಏಟಾಗಿರಲಿಲ್ಲ. ಎತ್ತೋಕೆ ಹೋದೆ.

"ಎತ್ತಬೇಡ. ಸ್ವಲ್ಪ ಹೊತ್ತು."

ಪಕ್ಕದಲ್ಲಿ ಮಲಗಿದೆ. ಆಕಾಶ ಬಿಟ್ಟರೆ ಏನೂ ಇಲ್ಲ ಅಲ್ಲಿ.

"ಇಲ್ಲೇ ಬಿಟ್ಟು ಹೋಗು ಅಂದ್ರೆ ಹೋಗ್ತೀಯಾ?"

"ಇಲ್ಲ."

"ಗೊತ್ತಿತ್ತು. ಹೆದರುಪುಕ್ಕಲ."

ಇಳಿಯುವಾಗ ನನ್ನ ಮುಂದೆ ಕೂರಿಸಿಕೊಂಡೆ. ಅವಳ ಗಾಡಿ ಲೋರ್ನ್ ತಂದ. ಎಷ್ಟು ಹಗುರ ಆಗಿಬಿಟ್ಟಿದಾಳೆ. ಹಳೇ ಗಾಡಿಗೆ ಗೊತ್ತೇ ಆಗಲಿಲ್ಲ.

ಏಪ್ರಿಲ್ 11

ಗಾಡಿ ಮಾರಿಬಿಡೋಣ ಅಂದೆ. ಸಿಟ್ಟು ಬಂತು ಅವಳಿಗೆ.

"ನಿನ್ನ ತೂಕಕ್ಕೆ ಹೊಂದಿಸ್ಕೋ. ಮುಂದಿನ ವರ್ಷ ನೀನು ಹತ್ತಬೇಕು."

"ನಿನ್ನ ಬಿಟ್ಟು ನಾನು ಯಾವ ಬೆಟ್ಟ ಹತ್ತಲಿ?"

"ಹೊಂದಿಸ್ಕೋ ಅಂದೆ."

ಗ್ಯಾರೇಜಲ್ಲಿ ಅವಳಿಗೆ ಕಂಬಳಿ ಹೊದಿಸಿ ಕೂರಿಸಿದೆ. ಸ್ಪ್ರಿಂಗ್ ಬಿಗಿ ಮಾಡು ಅಂದಳು, ಮಾಡಿದೆ. ಹತ್ತಿ ನಿಲ್ಲು ಅಂದಳು, ನಿಂತೆ. ಎಷ್ಟು ಜಗ್ಗಿತು ಅಂತ ಅವಳೇ ಅಳೀತಾಳಂತೆ. ಟೇಪ್ ಎಳೆದು ಕೈಗಿಟ್ಟೆ. ನಿಲ್ಲಲಿಲ್ಲ. ಸರ್ರನೆ ಒಳಗೆ ಹೋಗಿ ನೆಲಕ್ಕೆ ಬಿತ್ತು. ಮತ್ತೆ ಇಟ್ಟೆ, ಮತ್ತೆ ಬಿತ್ತು. ಆಮೇಲೆ ಇಬ್ಬರೂ ಅದನ್ನು ಎತ್ತಲಿಲ್ಲ.

ನವೆಂಬರ್ 14

ಇಷ್ಟು ದಿನ ಬರೆಯೋಕೆ ಕೂರಲಿಲ್ಲ. ಕೂತರೂ ಏನು ಬರೀಲಿ. ಆಗಸ್ಟ್‌ನಲ್ಲಿ ನಡಿಗೆ ನಿಂತಿತು. ಈಗ ಮಾತೂ ನಿಲ್ತಾ ಇದೆ. ಲೋರ್ನ್ ಭಾನುವಾರ ಬರ್ತಾನೆ, ಹೊಸ ಹಿಮದ ಕಥೆ ಹೇಳ್ತಾನೆ, ಹೊರಗೆ ಹೋಗಿ ಟ್ರಕ್ಕಲ್ಲಿ ಕೂತು ಅಳ್ತಾನೆ.

ಮಧ್ಯಾಹ್ನ ಸೂಪ್ ಕುಡಿಸುವಾಗ ಏನೋ ಹೇಳಿದಳು. ಅರ್ಥ ಆಗಲಿಲ್ಲ. ಮತ್ತೆ ಹೇಳಿದಳು. ಗಾಡಿ ಅಂದಳೋ, ಗಾಳಿ ಅಂದಳೋ. ಬೆವರು ಬರೋವಷ್ಟು ಕಷ್ಟಪಟ್ಟು ಇನ್ನೊಂದು ಸಲ ಹೇಳಿದಳು.

"ಹ್ಞೂ, ಆಯ್ತು," ಅಂದುಬಿಟ್ಟೆ.

ನನ್ನನ್ನೇ ನೋಡಿದಳು. ನನಗೆ ಅರ್ಥ ಆಗಿಲ್ಲ ಅಂತ ಅವಳಿಗೆ ಅರ್ಥ ಆಯ್ತು. ಮುಖ ಆ ಕಡೆ ತಿರುಗಿಸಿಕೊಂಡಳು. ಆಮೇಲೆ ನಿದ್ದೆ ಬಂತು. ಇಲ್ಲ, ಕಣ್ಣು ಮುಚ್ಚಿಕೊಂಡಳೋ ಏನೋ.

ಎದ್ದ ಮೇಲೆ ಕೇಳ್ತೀನಿ. ತಪ್ಪಾಯ್ತು, ಇನ್ನೊಂದು ಸಲ ಹೇಳು ಅಂತೀನಿ. ಒಂದೊಂದೇ ಅಕ್ಷರ ಹೇಳಲಿ, ಕತ್ತಲಾದರೂ ಸರಿ, ನಾನು—

ಏನೋ ಶಬ್ದ. ಎದ್ದಳೇನೋ. ಹೋಗಿ ಕೇಳ್ತೀನಿ, ಈಗಲೇ.