ನೀ ಕೇಳಿದ ಹಾಡು, ನಾವು ಬೀಸಿದ ಕಲ್ಲು

ಭಾಲ್ಕಿ
ಮಾರ್ಗಶಿರ ಶುದ್ಧ ಪಂಚಮಿ, ಸನ್ ೧೩೪೫ ಫಸಲಿ

ಪ್ರೀತಿಯ ತಮ್ಮ ಮನ್ಮಥಪ್ಪಗ, ನಿನ್ನ ಅಕ್ಕ ಗುರಮ್ಮ ಮಾಡೋ ಆಶೀರ್ವಾದ.

ಹ್ಯಾಂಗಿದ್ದಿ? ಇಲ್ಲಿ ಥಂಡಿ ಬಿದ್ದದ, ಹೈದರಾಬಾದಿನಾಗೂ ಬಿದ್ದಿರಬೇಕು. ಹೋದ ವರ್ಷ ಇದೇ ದಿನದಾಗ ನಿನಗ ಕೆಮ್ಮು ಹಿಡದು ಸಂಕ್ರಾಂತಿ ತನಕ ಬಿಡಲಿಲ್ಲ. ಅಜವಾನ ಹುರದು ಅರಿವ್ಯಾಗ ಕಟ್ಟಿ ಎದಿಗಿ ಶಾಖ ಕೊಟ್ಕೋ. ಕಚೇರಿ ಕೆಲಸ ಅಂತ ಮಧ್ಯಾಹ್ನದ ಊಟ ಬಿಡಬ್ಯಾಡ, ಮೊದಲೇ ಕಡ್ಡಿ ಹಾಂಗಿದ್ದಿ. ಅಪ್ಪಗ ಮೊಣಕಾಲು ನೋವು ಇದ್ದದ್ದೇ, ಉಳದಂಗ ಆರಾಮ. ಕಪ್ಪ ಎಮ್ಮಿ ಈದದ, ಹೆಣ್ಣು ಕರ. ಆತು, ಕೇಳೋದು ಕೇಳಿದೆ, ಹೇಳೋದು ಹೇಳಿದೆ. ಇನ್ನ ಬೈಯೋದು ಉಳದದ.

ಈ ಅಕ್ಷರ ಯಾರವು ಅಂತ ನೀ ಹುಬ್ಬು ಏರ್ಸಿರಬೇಕು. ನಮಗ ಪತ್ರ ಬರದು ಕೊಡೋ ಮಠದ ಅಯ್ಯನೋರವು ಅಲ್ಲ, ನನ್ನವೇ. ಮೂವತ್ತೆರಡನೇ ವಯಸ್ಸಿನಾಗ ಹಾವಗೆಪ್ಪನ ವಿಧವಾ ಮಗಳು ಪಾಟಿ ಹಿಡದಾಳ ಅಂತ ಓಣಿ ಎಲ್ಲಾ ನಕ್ಕಾದ, ನೀನೂ ನಗು. ಕಲಿಸಿದಾಕಿ ನಿನ್ನ ಹೆಂಡತಿ ಸುಮಿತ್ರಾ. ತವರು ಡಾಬಕಾದಾಗ ಆಕಿ ಅಜ್ಜ ಮೊಮ್ಮಗಳಿಗಿ ಅಕ್ಷರ ಕಲಿಸಿದ್ದ ಅಂಬೋದು ನಿನಗ ಗೊತ್ತದೋ ಇಲ್ಲೋ. ಲಗ್ನ ಆಗಿ ಮೂರು ವರ್ಷ ಆತು, ಗೊತ್ತಿರಬೇಕಿತ್ತು. ಎರಡು ವರ್ಷದ ಹಿಂದ ಠೇಶನ್ ದಾರ್ಯಾಗ ಉಸ್ಮಾನ ಮಿಯಾ ಹಿಟ್ಟಿನ ಗಿರಣಿ ಹಾಕಿದ ಮ್ಯಾಲ ನಮಗ ಬೆಳಗಿನ ಹೊತ್ತು ಉಳೀಲಾಕ ಹತ್ತಿತು. ಅದೇ ಹೊತ್ತಿನಾಗ ಹಿತ್ತಲ ಕಟ್ಟಿ ಮ್ಯಾಲ ಕುಂತು ನಾ ತಿದ್ದಿದೆ. ಒತ್ತಕ್ಷರ ತಪ್ಪಿದ್ರ ಆಕಿ ನನ್ನ ಬೆರಳ ಮ್ಯಾಲ ಮೆಲ್ಲಕ ಹೊಡೀತಿದ್ದಳು, ಆಮ್ಯಾಲ ಹಿರಿಯಾಕಿಗಿ ಹೊಡದೆ ಅಂತ ತಾನೇ ನಾಚಿ ನನ್ನ ಕಾಲು ಮುಟ್ಟತಿದ್ದಳು.

ಅಂಥಾದ್ರಾಗ ನಿನ್ನ ಪತ್ರ ಬಂತು. ಐದು ಹಾಳಿ! ನಾಕು ವರ್ಷದಾಗ ನೀ ಬರದ ಪತ್ರ ಎಲ್ಲಾ ಕೂಡಿಸಿದ್ರೂ ಐದು ಹಾಳಿ ಆಗಂಗಿಲ್ಲ. ಅಪ್ಪ ಹಿಗ್ಗಿನಿಂದ ಅದನ್ನ ಸೋಮವಾರ ಮಠಕ್ಕ ಒಯ್ದ. ಅಯ್ಯನೋರು ಎಲ್ಲಾರ ಮುಂದ ಓದಿದರು. ಅವ್ವ ನಸುಕಿನಾಗ ಎದ್ದು ಬೀಸೋಕಲ್ಲಿನ ಮುಂದ ಕುಂತು ಹಾಡೋದು, ಆ ಹಾಡಿನಾಗ ನಿನಗ ಎಚ್ಚರ ಆಗೋದು, ಬೆಚ್ಚಗಿನ ಹಿಟ್ಟಿನ ವಾಸನಿ, ಎಲಿ ಹಾಂಗ ತೆಳ್ಳಗಿನ ರೊಟ್ಟಿ. ಭಾಳ ಚಂದ ಬರದಿ, ಸುಳ್ಳು ಹೇಳಂಗಿಲ್ಲ. ಮುದುಕರು ಮುಂಡಾಸಿನ ಚುಂಗಿನಿಂದ ಕಣ್ಣು ಒರಸಿಕೊಂಡರಂತ. ಕಡೀಕ ನೀ ಬರದ ಮಾತು ಮಾತ್ರ ಊರ ತುಂಬ ಹಬ್ಬಿತು: ‘ಗಿರಣಿ ಹಿಟ್ಟು ಸತ್ತ ಹಿಟ್ಟು. ನಮ್ಮ ಮನ್ಯಾಗ ಅದು ಬರಬಾರದು. ಎಳ್ಳಮಾಸಿ ಹಬ್ಬಕ್ಕ ನಾ ಬಂದಾಗ ಕಲ್ಲಿನ ಸಪ್ಪಳ ಕೇಳಿ ಏಳಬೇಕು.’

ಅವತ್ತೇ ಸಂಜಿಗಿ ಅಪ್ಪ ಆಳು ಹಚ್ಚಿ ದನದ ಕೊಟಗ್ಯಾಗಿನ ಕಲ್ಲು ಒಳಗ ತರಿಸಿದ. ‘ಮಗ ಅಷ್ಟು ದೂರ ಕುಂತು ಅವ್ವನ ನೆನಸ್ತಾನ, ಮನ್ಯಾಗಿನ ಹೆಣ್ಮಕ್ಕಳಿಗಿ ಇಷ್ಟು ಆಗಂಗಿಲ್ಲೇನು?’ ಅಂದ. ಮಠದಾಗ ಕೇಳಿದ್ದ ಇನ್ನ ಮೂರು ಮನಿಯವರೂ ಹಾಂಗೇ ಮಾಡಿದರು. ಅದರಾಗ ಒಂದು ಮನಿಯಾಕಿ ರುಕ್ಮಿಣಿಬಾಯಿ ಎರಡು ದಿನ ನನ್ನ ಮಾರಿ ನೋಡಲಿಲ್ಲ, ಆಕಿ ಮನ್ಯಾಗ ಉಣ್ಣಾವರು ಹನ್ನೊಂದು ಮಂದಿ. ಪಕ್ಕದ ಮನಿ ಅಜೀಜಾ ಬೇಗಂ ಗೋಡಿ ಮ್ಯಾಲಿಂದ ಬಗ್ಗಿ, ‘ಗುರಮ್ಮಾ, ನಿನ್ನ ತಮ್ಮಗ ಬರದು ಹಾಕು. ಹೈದರಾಬಾದಿನಾಗೂ ಬೀಸೋಕಲ್ಲು ಸಿಗ್ತಾವ. ಒಂದು ತಂದು ಇಟ್ಕೊಂಡು ತಾನೇ ಹಾಡಿಕೋತ ಬೀಸಲಿ’ ಅಂದಳು. ನನಗ ನಗು ಬಂತು, ಸಿಟ್ಟೂ ಬಂತು. ಆದ್ರೂ ಅವತ್ತು ಕಲ್ಲು ತೊಳದು ಇಟ್ಟೆ. ಮಗನ ಪತ್ರ ಕೇಳಿ ಅಪ್ಪನ ಮಾರಿ ಅಷ್ಟು ಅರಳಿದ್ದು ಅವ್ವ ಹೋದ ಮ್ಯಾಲ ನಾ ನೋಡಿರಲಿಲ್ಲ.

ದಿನಕ್ಕ ಮೂರು ಸೇರು ಜೋಳ. ಅಪ್ಪ, ನಾವಿಬ್ಬರು, ಹೊಲದ ಇಬ್ಬರು ಆಳು. ನಾನೂ ಸುಮಿತ್ರಾನೂ ಎದುರಾ ಬದರ ಕುಂತು ಗೂಟ ಹಿಡದೆವು. ನನ್ನ ಕೈ ಹಳೇ ಕೈ, ಮೂರನೇ ದಿನಕ್ಕ ಒಗ್ಗಿಕೊಂಡಿತು. ಆಕಿ ಅಂಗೈಯಾಗ ಗುಳ್ಳಿ ಎದ್ದು, ಒಡದು, ಗೂಟಕ್ಕ ಹಸಿ ಹತ್ತಿತು. ಅರಿವಿ ಸುತ್ತಿಕೊಂಡು ಬೀಸಿದಳು. ಪಾಟಿ ಗೋಡಿ ಮಾಡದಾಗ ಧೂಳು ತಿಂದಿತು. ಆರನೇ ದಿನ ಬೀಸಿಕೋತ ಬೀಸಿಕೋತ ತಲಿ ಎತ್ತಲಾರದೆ ಕೇಳಿದಳು, ‘ಅಕ್ಕಾ, ಅವರು ಪತ್ರದಾಗ ನನಗೇನರ ಬರದಾರೇನ್ರಿ?’

ಮನ್ಮಥಾ, ಅಪ್ಪನ ಅಂಗಿ ಕಿಸೆದಾಗಿಂದ ತಗದು ಆ ಪತ್ರ ನಾ ಓದಿದ್ದೆ. ನನ್ನ ಜಲ್ಮದಾಗ ನಾನೇ ಕೂಡಿಸಿ ಕೂಡಿಸಿ ಓದಿದ ಮೊದಲನೇ ಪತ್ರ ಅದು, ಒಂದು ಮಧ್ಯಾಹ್ನ ಪೂರ್ತಿ ಹಿಡೀತು. ಎಮ್ಮಿ ಹೆಸರು ಇತ್ತು. ಬಾವಿ ಮಗ್ಗಲಿನ ಹುಣಸಿ ಗಿಡ ಇತ್ತು. ಅಪ್ಪನ ಹಳೇ ಕಂಬಳಿ ಇತ್ತು. ಐದು ಹಾಳ್ಯಾಗ ಸುಮಿತ್ರಾನ ಹೆಸರು ಒಂದು ಕಡಿನೂ ಇರಲಿಲ್ಲ. ಆದ್ರೂ ನಾ ‘ಕ್ಷೇಮ ಕೇಳ್ಯಾನವ್ವ, ಹುಷಾರಾಗಿರು ಅಂದಾನ’ ಅಂದೆ. ಆಕಿ ಕಲ್ಲು ನಿಲ್ಲಿಸಲಿಲ್ಲ. ಇನ್ನೊಂದು ಹಿಡಿ ಜೋಳ ಹಾಕಿದಳು. ‘ನಾನೂ ಓದೀನ್ರಿ ಅಕ್ಕಾ. ನಿಮಗಿಂತ ಮೊದಲೇ ಓದೀನಿ’ ಅಂದಳು. ಅಷ್ಟೇ. ಅಳಲಿಲ್ಲ. ಆಕಿ ಅತ್ತಿದ್ರ ನನಗ ಇಷ್ಟು ಸಿಟ್ಟು ಬರ್ತಿರಲಿಲ್ಲೇನೋ. ಸತ್ತ ಅವ್ವನ ಮ್ಯಾಲ ಐದು ಹಾಳಿ ಪ್ರೀತಿ ಸುರೀಲಾಕ ಬರ್ತದ ನಿನಗ. ಅವ್ವ ಇನ್ನ ಏನೂ ಬೇಡಂಗಿಲ್ಲ, ಎದುರಾಡಂಗಿಲ್ಲ, ಹೈದರಾಬಾದಿನಾಗ ಖೋಲಿ ಮಾಡಿ ಕರ್ಕೊಂಡು ಹೋಗು ಅನ್ನಂಗಿಲ್ಲ. ಜೀವ ಇದ್ದಾಕಿಗಿ ಮಾತ್ರ ಒಂದು ಸಾಲು ಇಲ್ಲ. ಆಕಿ ಕೈಯಿಂದ ಅವ್ವನ ಹಾಡು ಹೊಂಡಬೇಕು, ಅಷ್ಟೇ!

ಆ ಹಾಡಿನ ಮಾತೂ ಹೇಳ್ತೇನಿ ಕೇಳು. ನೀ ಊರು ಬಿಟ್ಟ ದಿನದ ನಸುಕಿನ ಹಾಡು ಸಾಯೋ ತನಕ ಮರಿಯಂಗಿಲ್ಲ, ಅವ್ವನ ದನಿ ಅವತ್ತಿನಷ್ಟು ಇಂಪಾಗಿ ಎಂದೂ ಕೇಳಿರಲಿಲ್ಲ ಅಂತ ಬರದಿಯಲ್ಲ? ಅವತ್ತು ಹಾಡಿದಾಕಿ ಅವ್ವ ಅಲ್ಲೋ. ನಾನು. ಅವ್ವಗ ಎಂಟು ದಿನದಿಂದ ಬಲಗಡಿ ರಟ್ಟಿ ಬಾತು ಕೈ ಎತ್ತಲಾಕ ಬರ್ತಿರಲಿಲ್ಲ. ನಾ ಒಬ್ಬಾಕಿನೇ ಬೀಸ್ತೀನಿ ಅಂದ್ರ ಕೇಳಲಿಲ್ಲ. ‘ಮಗ ದಾರಿಗಿ ಹೊಂಟಾನ, ಬುತ್ತಿ ಹಿಟ್ಟಿಗಿ ನನ್ನ ಕೈ ಹತ್ತಬೇಕು’ ಅಂತ ಎಡಗೈಲಿ ಗೂಟ ಹಿಡದಳು. ಒಂದೊಂದು ಸುತ್ತಿಗೂ ಬಾಯಿಂದ ನರಳಿಕಿ ಬರ್ತಿತ್ತು. ‘ಜೋರ ಹಾಡು ಗುರಾ, ಅವಗ ಕೇಳಬಾರದು’ ಅಂದಳು. ನಾ ಜೋರ ಹಾಡಿದೆ. ನೀ ಒಳಗ ಕಂಬಳಿ ಹೊದ್ದು ಮಲಗಿ ಕೇಳಿದಿ, ಖುಷಿ ಪಟ್ಟಿ. ಅವ್ವ ಕಲ್ಲಿನಿಂದ ಸತ್ತಳು ಅಂತ ನಾ ಅನ್ನಂಗಿಲ್ಲ, ಜ್ವರದಿಂದ ಸತ್ತಳು. ಆದ್ರ ನೀ ಅಷ್ಟು ಆಶಾ ಪಡೋ ಆ ನಸುಕು ಹಾಂಗಿತ್ತು, ತಮ್ಮಾ.

ಹಾಡಿನಾಗ ಏನಿತ್ತು ಅಂತ ಎಂದಾದ್ರೂ ಕೇಳಿಸ್ಕೊಂಡಿಯೇನು? ಧಾಟಿ ಒಂದೇ ಬರದಿ, ಮಾತು ಒಂದೂ ಬರದಿಲ್ಲ. ಇಕಾ, ಅವ್ವ ದಿನಾ ಹಾಡ್ತಿದ್ದದ್ದು, ಆಕಿ ತಾನೇ ಕಟ್ಟಿದ್ದು:

ಮನ್ನಳ್ಳಿ ದಾರ್ಯಾಗ ಹೊನ್ನಾವರಿ ಹೂವಾತ
ಅಣ್ಣ ಬರಲಿಲ್ಲ ಕರಿಲಾಕ | ಎಲೆ ಕಲ್ಲ
ನಿನ್ನ ಬಿಟ್ಟ್ಯಾರ ನನಗಿಲ್ಲ

ಅವ್ವನ ತವರು ಮನ್ನಳ್ಳಿ ಇಲ್ಲೇ ಬೀದರಿನ ಮಗ್ಗಲಿಗಿ. ಹನ್ನೆರಡು ವರ್ಷ ಆಕಿಗಿ ಅಲ್ಲಿಗಿ ಹೋಗಗೊಡಲಿಲ್ಲ. ಅಪ್ಪನ ಮುಂದ ಹೇಳಲಾರದ್ದು, ಅಜ್ಜಿ ಮುಂದ ಹೇಳಲಾರದ್ದು ಎಲ್ಲಾ ಕಲ್ಲಿಗಿ ಹೇಳಿದಳು. ನೀ ಅದನ್ನ ಜೋಗುಳ ಅಂತ ತಿಳದಿ.

ನನಗ ನೆನಪು ಆಗಂಗಿಲ್ಲಂತ ತಿಳೀಬ್ಯಾಡ. ಭಾಳ ಆಗ್ತದ. ನಿನ್ನಕಿಂತ ಹೆಚ್ಚೇ ಆಗ್ತದ. ಗಂಡ ಸತ್ತು ಹತ್ತೊಂಬತ್ತಕ್ಕ ನಾ ತಿರಿಗಿ ಈ ಮನಿಗಿ ಬಂದಾಗ ಯಾರೂ ನನ್ನ ಕೂಡ ಮನಸು ಬಿಚ್ಚಿ ಮಾತಾಡಲಿಲ್ಲ. ಅವ್ವ ಒಬ್ಬಾಕಿ ಕಲ್ಲಿನ ಆಚಿ ಕಡಿ ಕುಂತು ಒಂದು ನುಡಿ ಹಾಡ್ತಿದ್ದಳು, ನಾ ಈಚಿ ಕಡಿಂದ ಇನ್ನೊಂದು ಹಾಡ್ತಿದ್ದೆ. ನಮ್ಮ ದುಃಖದ ಮಾತು ನಡದದ್ದು ಹಾಂಗೇ. ಗಿರಣಿ ಬಂದ ಮ್ಯಾಲ ಆ ಪದ ಓಣ್ಯಾಗ ಯಾರ ಬಾಯಾಗೂ ಇಲ್ಲ. ಗಿರಣಿ ಸಪ್ಪಳದಾಗ ಪಕ್ಕದಾಕಿ ಮಾತೇ ಕೇಳಂಗಿಲ್ಲ, ಪದ ಎಲ್ಲಿಂದ ಕೇಳಬೇಕು! ಮನ್ನೆ ಎಣಿಸಿದೆ, ಅವ್ವನ ಪದ ನನಗ ನಲವತ್ತೊಂದು ಬರ್ತಾವ, ಉಳದವು ಮರತು ಹೋಗ್ಯಾವ. ಅವತ್ತು ಮನ್ಯಾಗ ಅಕ್ಷರ ಬರ್ತಿದ್ದಾತ ನೀ ಒಬ್ಬನೇ. ಪತ್ರದಾಗ ಅಳೋ ಬದಲಿ ಅವತ್ತು ಹಾಸಿಗ್ಯಾಗಿಂದ ಎದ್ದು ಬಂದು ನಾಕು ಬರದು ಇಟ್ಟಿದ್ರ ಆಗ್ತಿತ್ತು. ಇದನ್ನ ನಾ ನಿನಗ ಕ್ಷಮಾ ಮಾಡಂಗಿಲ್ಲ.

ಹತ್ತನೇ ದಿನ ಸುಮಿತ್ರಾಗ ಜ್ವರ ಬಂತು. ಅಂಗೈ ಕೀವು ತುಂಬಿತ್ತು. ನಾ ಜೋಳದ ಚೀಲ ತಲಿ ಮ್ಯಾಲ ಇಟ್ಕೊಂಡು ಗಿರಣಿಗಿ ಹೊಂಟೆ. ಅಪ್ಪ ಬಾಗಲದಾಗ ಅಡ್ಡ ನಿಂತು, ‘ನನ್ನ ಮಗನ ಮಾತು ಮೀರಿ ಆ ಹಿಟ್ಟು ತಂದ್ರ ನಾ ಉಣ್ಣಂಗಿಲ್ಲ’ ಅಂದ. ನಾ ಚೀಲ ಇಳಿಸಿದೆ. ‘ಹಂಗಾದ್ರ ಬಾ ಅಪ್ಪಾ, ಆಕಿ ಜಾಗಾದಾಗ ನೀ ಕುಂಡ್ರು. ನಾ ಈಚಿ ಕಡಿ ಕುಂಡ್ರತೀನಿ. ಒಂದು ಸೇರು ಸಾಕು’ ಅಂದೆ. ಅವನ ಮುಂದ ಎಂದೂ ಹಾಂಗ ಮಾತಾಡಿರಲಿಲ್ಲ. ಬೈತಾನ ಅಂತ ತಿಳದಿದ್ದೆ, ಹೊಡದರೂ ಹೊಡೀತಾನ ಅಂತ ತಿಳದಿದ್ದೆ. ಹಟಕ್ಕ ಬಿದ್ದು ಬಂದು ಕುಂತ.

ಮೊಣಕಾಲು ಮಡಚಲಾಕ ಬರಂಗಿಲ್ಲ ಅವಗ, ಒಂದು ಕಾಲು ಚಾಚಿ ಕುಂತ. ಹೊಲದಾಗ ನೇಗಿಲು ಹಿಡದ ಕೈ, ಮೊದಲ ಜೋರಲೇ ತಿರುವಿದ. ಅರ್ಧ ಸೇರಿಗಿ ಉಸಿರು ಮ್ಯಾಲ ಕೆಳಗ ಆತು. ನಾ ಜೋಳ ಹಾಕಿಕೋತ ಹೋದೆ. ಅವ ಒಂದು ಸಲ ನಿಲ್ಲಿಸಿ, ಅವ್ವನ ಹೆಸರು ಹಿಡದು, ‘ಈರವ್ವ ದಿನಾ ಇಷ್ಟು ಬೀಸ್ತಿದ್ದಳೇನು?’ ಅಂದ. ‘ನಾ ಸಣ್ಣಾಕಿ ಇದ್ದಾಗ ಆಳುಗಳು ಹೆಚ್ಚಿದ್ದರು. ದಿನಾ ಆರು ಸೇರು’ ಅಂದೆ. ಅವ ಮತ್ತ ಗೂಟ ಹಿಡದ. ಒಂದು ಸೇರು ಮುಗಿಯೋ ತನಕ ಬಿಡಲಿಲ್ಲ, ನಾ ಸಾಕು ಅಂದ್ರೂ ಬಿಡಲಿಲ್ಲ. ಆಮ್ಯಾಲ ಎದ್ದು, ಕೈ ತೊಳಕೊಂಡು, ಯಾರ ಮಾರಿನೂ ನೋಡಲಾರದೆ ಹೊಲಕ್ಕ ಹೋದ. ಎರಡು ದಿನ ನನ್ನ ಕೂಡ ಮಾತಿಲ್ಲ. ಮೂರನೇ ದಿನ ಸುಮಿತ್ರಾ ಮಲಗಿದ್ದ ಖೋಲಿ ಬಾಗಲದಾಗ ನಿಂತು, ‘ಕೈ ಮಾಯೋ ತನಕ ಏನೂ ಮುಟ್ಟಬ್ಯಾಡವ್ವ. ಗಿರಣಿಗಿ ನಾನೇ ಹೋಗಿ ಬರ್ತೇನಿ’ ಅಂದ. ಹೋದ. ಹೆಂಗಸರ ಸಾಲಿನಾಗ ಮುಂಡಾಸು ಕಟ್ಟಿಕೊಂಡು ನಿಂತಿದ್ದು ನೋಡಿ ಉಸ್ಮಾನ ಮಿಯಾ ತಾನೇ ಬಂದು ಚೀಲ ಇಸ್ಕೊಂಡನಂತ. ಮನಿಗಿ ಬಂದು ಅಪ್ಪ ನನಗ ಹೇಳಿದ್ದು ಒಂದೇ: ‘ಮನ್ಮಥಗ ಬರೀಬ್ಯಾಡ, ಮನಸಿಗಿ ಹತ್ತಿಸ್ಕೋತಾನ.’ ಹತ್ತಲಿ ಅಂತೇ ಬರದೀನಿ. ಸುಮಿತ್ರಾನ ಜ್ವರ ಬಿಟ್ಟದ, ಕೈ ಒಣಗ್ಯಾವ. ನೀ ಕೇಳಿಲ್ಲ, ಆದ್ರೂ ಹೇಳೀನಿ.

ಬಸವಣ್ಣ ನಿನಗ ಆಯುಷ್ಯ ಕೊಡಲಿ, ನೌಕರ್ಯಾಗ ಬಡ್ತಿ ಕೊಡಲಿ, ಅದಕ್ಕೂ ಮೊದಲ ಬುದ್ಧಿ ಕೊಡಲಿ. ಬೈದೀನಂತ ಉಣ್ಣೋದು ಬಿಡಬ್ಯಾಡ. ನಿನ್ನ ಬಿಟ್ರ ಬೈಲಾಕ ನನಗ ಯಾರಿದ್ದಾರ?

ನಿನ್ನ ಅಕ್ಕ
ಗುರಮ್ಮ

ತಾ.ಕ.: ಟಪಾಲಿನವ ಬಾಗಲದಾಗ ನಿಂತಾನ, ಜಲ್ದಿ ಬರೀಲತ್ತೀನಿ. ಎಳ್ಳಮಾಸಿಗಿ ನೀ ಬರಬ್ಯಾಡ. ಬರೋ ಗುರುವಾರದ ಗಾಡಿಗಿ ನಾನೂ ಸುಮಿತ್ರಾನೂ ಅಲ್ಲಿಗಿ ಬರ್ತೇವಿ. ಅಪ್ಪ ಹೂಂ ಅಂದಾನ, ಠೇಶನ್ ತನಕ ತಾನೇ ಬಂಡಿ ಹೂಡ್ತಾನ. ಖೋಲಿ ಸಣ್ಣದು ಅಂತ ಮೂರು ವರ್ಷದಿಂದ ಹೇಳಿದಿ, ಇನ್ನ ಹೇಳಬ್ಯಾಡ. ಇಬ್ಬರಿಗಿ ಆಗೋ ಖೋಲಿ ನೋಡಿ ಇಡು, ನಾಂಪಲ್ಲಿ ಠೇಶನ್‌ಗಿ ನೀನೇ ಬಾ, ಮಂದಿಗಿ ಕಳಸಬ್ಯಾಡ. ತಿರಿಗಿ ಬರೋ ಟಿಕೀಟು ನನಗ ಒಬ್ಬಾಕಿಗೇ ತಗೀತೀನಿ.