ಅಜ್ಜಿಯನ್ನು ನೋಡಿಕೊಂಡವಳು

ಹಾಸ್ಟೆಲ್ ಕೋಣೆ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ಫೋನಿನಲ್ಲಾದರೆ ನಾನು ಎರಡು ಮಾತಾಡುವಷ್ಟರಲ್ಲಿ ನೀನು ನಾಲ್ಕು ಆಡುತ್ತೀಯ. ಅದಕ್ಕೇ ಈ ಕಾಗದ. ಭಾನುವಾರ ದೊಡ್ಡಮ್ಮನ ಮನೆಯ ಪಾರ್ಟಿಗೆ ನಾನು ಬರುವುದಿಲ್ಲ. ಪರೀಕ್ಷೆ ಇದೆಯಂತೆ ಅಂತ ಹೇಳಿಬಿಡು. ದೊಡ್ಡಮ್ಮನ ಮಗಳಿಗೆ, ಅದೇ ಅಕ್ಕನಿಗೆ, ಅಷ್ಟು ದೊಡ್ಡ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತೆಂದು ನನಗೇನೂ ಹೊಟ್ಟೆಕಿಚ್ಚಿಲ್ಲ. ಸರಿ, ಇದೆ.

ಅಜ್ಜಿಗೆ ಲಕ್ವ ಹೊಡೆದಾಗ ನಿನಗೆ ಕಾರ್ಖಾನೆಯಲ್ಲಿ ಸಂಜೆ ಪಾಳಿ. ನಾನೇ ಈಜು ಬಿಟ್ಟು ಮನೆಗೆ ಓಡಿಬರುತ್ತಿದ್ದೆ. ಊಟ ಮಾಡಿಸುವುದು, ಮಗ್ಗುಲು ಬದಲಿಸುವುದು, ಬೆಡ್‌ಪ್ಯಾನ್ ತೊಳೆಯುವುದು. 'ಪದಕ ಕೈಗೆ ಬರೋ ಹೊತ್ತಲ್ಲಿ ಬಿಡ್ತೀಯಲ್ಲೇ' ಅಂತ ಕೋಚ್ ಬೈದರು. ನನಗೆ ಬೇಸರವಿರಲಿಲ್ಲ. ಮಾತು ತೊದಲಿದರೂ ಅಜ್ಜಿ ನನ್ನನ್ನು ನಗಿಸುತ್ತಿದ್ದಳು.

ಅದೇ ಯೂನಿವರ್ಸಿಟಿಗೆ ನಾನು ಹಾಕಿದ ಅರ್ಜಿಯಲ್ಲಿ, ಓದಿನಾಚೆ ಏನು ಮಾಡಿದ್ದೀರಿ ಎಂದು ಕೇಳಿದ್ದರು. ಇದನ್ನೇ ಬರೆಯಲು ಕೂತರೆ ನೀನು ಪೆನ್ನು ಕಿತ್ತುಕೊಂಡೆ. 'ಬೆಡ್‌ಪ್ಯಾನ್ ತೊಳೆದದ್ದನ್ನ ಯಾರಾದ್ರೂ ಸಾಧನೆ ಅಂತಾರಾ? ನಮ್ಮನೆ ವಿಷಯ ಊರಿಗೆಲ್ಲ ಯಾಕೆ?' ಅಂದೆ. ಈಜು, ಚರ್ಚಾಸ್ಪರ್ಧೆ ಅಂತ ಬರೆಸಿದೆ. ಸಂದರ್ಶನದಲ್ಲಿ ಮೇಡಂ, 'ಈಜು ಅರ್ಧಕ್ಕೇ ಬಿಟ್ಟಿದ್ದೀಯಲ್ಲ, ಯಾಕಮ್ಮಾ?' ಎಂದರು. ನಿನ್ನ ಮಾತು ಕೇಳಿ, 'ಬೇಜಾರಾಯ್ತು ಮೇಡಂ' ಅಂದೆ. ಅಲ್ಲಿಗೆ ಮುಗಿಯಿತು.

ಅಕ್ಕ ತನ್ನ ಅರ್ಜಿಯಲ್ಲಿ ಬರೆದದ್ದನ್ನು ದೊಡ್ಡಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾಳೆ, ಓದಿದೆಯಾ? ಹಾಸಿಗೆ ಹಿಡಿದ ಅಜ್ಜಿಯ ಸೇವೆ! ಆಗೊಮ್ಮೆ ಈಗೊಮ್ಮೆ ಹಣ್ಣು ಹಿಡಿದು ಬಂದು, ಅಜ್ಜಿಯ ತಲೆ ಬಾಚಿದ ಹಾಗೆ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದಳಲ್ಲ, ಅದೇ. ಆ ಫೋಟೋ ತೆಗೆದವಳು ನಾನೇ. ಓದಿದ ಪ್ರೊಫೆಸರು ಕಣ್ಣೊರೆಸಿಕೊಂಡರಂತೆ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು.

ಈ ಕಾಲೇಜೇನೂ ತೀರಾ ಕೆಟ್ಟದ್ದಲ್ಲ. ಲ್ಯಾಬಿನಲ್ಲಿ ಇಡೀ ಬೆಂಚಿಗೆ ಒಂದೇ ಸೂಕ್ಷ್ಮದರ್ಶಕ, ನನ್ನ ಸರದಿ ಬರುವಷ್ಟರಲ್ಲಿ ಗಂಟೆ ಹೊಡೆಯುತ್ತದೆ, ಅಷ್ಟೇ.

ಅಕ್ಕನಿಗಿಂತ ನಿನ್ನ ಮೇಲೇ ಸಿಟ್ಟು ಹೆಚ್ಚು, ಅಮ್ಮ. ವಿಷಯ ಗೊತ್ತಾದಾಗ ನೀನು 'ಅಯ್ಯೋ, ಹಾಗೂ ಬರೀಬಹುದಿತ್ತಾ?' ಅಂದು ಪಾಳಿಗೆ ಹೊರಟುಬಿಟ್ಟೆ. ಈಗ ಪಾರ್ಟಿಯಲ್ಲಿ ಅಜ್ಜಿಯ ಗಾಲಿಕುರ್ಚಿಯನ್ನು ಅಕ್ಕನ ಪಕ್ಕದಲ್ಲೇ ನಿಲ್ಲಿಸಬೇಕಂತೆ. ನಿಲ್ಲಿಸಿಕೊಳ್ಳಲಿ. ಚಪ್ಪಾಳೆ ತಟ್ಟಲು ನಾನು ಬರಲಾರೆ.

ಇಂತಿ,
ನಿನ್ನ ಮೀನುಮರಿ

ತಾ.ಕ.: ನಿನ್ನೆ ಅಕ್ಕ ಫೋನ್ ಮಾಡಿದ್ದಳು. ಪಾರ್ಟಿಯಲ್ಲಿ ಭಾಷಣ ಮಾಡುತ್ತಾಳಂತೆ. 'ಅಜ್ಜಿಗೆ ಯಾವ ಕೈ ಕಣೇ ಸ್ವಾಧೀನ ಇಲ್ಲದ್ದು?' ಎಂದು ಕೇಳಿದಳು. ಬಲಗೈ ಅಂದೆ. ಎಡಗೈ ಅಂತ ನಿನಗೆ ಗೊತ್ತು, ಆದರೆ ತಿದ್ದಲು ಹೋಗಬೇಡ. ಭಾಷಣ ಮುಗಿದ ಮೇಲೆ ಅಜ್ಜಿ ಎಲ್ಲರೆದುರು ಬಲಗೈ ಎತ್ತಿ ಅವಳ ಕೆನ್ನೆ ಸವರಲಿ. ಸವರಿಯೇ ಸವರುತ್ತಾಳೆ, ಅವಳಿಗೆ ಮೊಮ್ಮಕ್ಕಳೆಲ್ಲ ಒಂದೇ.