ಕಣ್ಣು ಮುಚ್ಚಿ ಕೇಳಿದ ರೇಸು

ಹೈದರಾಬಾದ್

ಅಣ್ಣಾ, ನಿನಗೂ ಅತ್ತಿಗೆಗೂ ನಮಸ್ಕಾರ.

ಇಲ್ಲಿ ಊರ ನಡುವಿನ ರಸ್ತೆಗೇ ಎರಡೂ ಬದಿ ಸಿಮೆಂಟಿನ ಗೋಡೆ ನಿಲ್ಲಿಸಿ ಕರೆಂಟಿನ ಕಾರುಗಳ ರೇಸು ಮಾಡಿದರು. ಆ ಗೋಡೆ ನಿಲ್ಲಿಸುವ ಕೂಲಿಗೇ ನಮ್ಮನ್ನು ಕರೆತಂದದ್ದು. ನಿನ್ನೆ ರೇಸು ಶುರುವಾದಾಗ, ನಮ್ಮೂರ ಆಟೋ ನಗರದ ನಮ್ಮ ಗ್ಯಾರೇಜಿನಲ್ಲಿ ನೀನು ಕಲಿಸಿದ ರೂಢಿಯಂತೆ, ಇಂಜಿನ್ನಿನ ಸದ್ದು ಹಿಡಿಯಲು ಕಣ್ಣು ಮುಚ್ಚಿ ನಿಂತೆ. ಅತ್ತಿಗೆಯ ಮಿಕ್ಸರ್ ತಿರುಗಿದಂಥ ಕೀರಲು ದನಿ ಬಂತು, ಹೋಯಿತು. ನಾನಿನ್ನೂ ಇಂಜಿನ್ನಿಗೇ ಕಾಯುತ್ತಿದ್ದೆ. ಜೊತೆಗಿದ್ದ ಖಾನಾಪುರದ ಸೋಮಲಿಂಗ ಭುಜ ಅಲುಗಿಸಿ, "ಕಣ್ಣ ತೆರಿಯೋ ಬೀರ್ಯಾ, ಗಾಡಿ ಎಲ್ಲಾ ಹ್ವಾದ್ವು! ಅವಕ್ಕ ಇಂಜಿನ್ನ ಇಲ್ಲ" ಅಂದ.

ಅಣ್ಣಾ, ಒಂಚೂರು ಹೊಗೆಯ ವಾಸನೆಯೂ ಬರಲಿಲ್ಲ. ಆಗಿನಿಂದ ಊಟ ಸೇರುತ್ತಿಲ್ಲ. ಮೈಗೆ ಬೇರೇನೂ ಕಾಯಿಲೆಯಿಲ್ಲ, ಅವ್ವನಿಗೆ ಹೇಳು.

ಸವೆದ ಇಂಜಿನ್ ಕೊರೆದು ಸರಿಮಾಡುವ ಬೋರಿಂಗ್ ಮಷಿನ್ ತರಲು ಅಪ್ಪ ಬಿಟ್ಟುಹೋದ ಕುರಿಗಳನ್ನು ಮಾರುತ್ತೇನೆ ಅಂದಿದ್ದೆಯಲ್ಲ, ಮಾರಬೇಡ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾರ್ಡು. ಇದು ತಲುಪುವಷ್ಟರಲ್ಲಿ ಮಾರಿಬಿಟ್ಟಿದ್ದರೆ, ನನಗೆ ತಿಳಿಸಬೇಡ.

ನಿನ್ನ ತಮ್ಮ
ಬೀರಣ್ಣ